ಊರಿನ ರಾಜಕೀಯಕ್ಕೆ ಹೊರಟ ಪ್ರಸಾದನಿಗೆ

ಡೊಂಬಿವಲಿ

ಚಿರಂಜೀವಿ ಪ್ರಸಾದನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಅಂಧೇರಿಯ ನೌಕರಿ ಬಿಟ್ಟು ಊರಿನ ರಾಜಕೀಯಕ್ಕೆ ಇಳಿಯುವ ನಿನ್ನ ವಿಚಾರವನ್ನು ನಿನ್ನ ತಂದೆ ಒಪ್ಪಿಲ್ಲ, ನಾನಂತೂ ಬೇಡವೆನ್ನುವುದಿಲ್ಲ. ಆದರೆ ಶಾಸಕರೊಬ್ಬರ ಬೆನ್ನು ಹಿಡಿದು ತಿರುಗಿದರೆ ಟಿಕೆಟ್ ಸಿಕ್ಕೀತೆಂಬ ಲೆಕ್ಕಾಚಾರ ನನಗೆ ಸರಿಕಾಣದ್ದರಿಂದ ದೇವರಾಜ ಅರಸರ ವಿಷಯವನ್ನು ಬರೆಯುತ್ತಿದ್ದೇನೆ.

1952ರಲ್ಲಿ ಹುಣಸೂರಿನಿಂದ ಶಾಸಕರಾದ ಅರಸರು ಮುಖ್ಯಮಂತ್ರಿಯಾದದ್ದು 1972ರಲ್ಲಿ. ಸ್ವಂತ ಜಾತಿಯ ವೋಟಿನ ಬಲ ನೆಚ್ಚುವಷ್ಟಿಲ್ಲದ ಅವರು, ಅಲ್ಲಿಯವರೆಗೆ ಯಾರೂ ಕೇಳದಿದ್ದ ಸಣ್ಣ ಸಮುದಾಯಗಳವರನ್ನು ಹುಡುಕಿ ಟಿಕೆಟ್ ಕೊಟ್ಟರು. ಹಿಂದುಳಿದವರ ಸ್ಥಿತಿಗತಿ ತಿಳಿಯಲು ಹಾವನೂರ ಆಯೋಗವನ್ನೂ ಅದೇ ವರ್ಷ ನೇಮಿಸಿದರು.

ನಮ್ಮ ಮನೆಗೆ ತಟ್ಟಿದ್ದು ಮಾತ್ರ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ. ಗೇಣಿಯ ಭೂಮಿಯೆಲ್ಲ ಸರಕಾರದ ವಶವಾಗಿ, ಡಿಕ್ಲರೇಷನ್ (ಹಕ್ಕು ಕೋರುವ ಅರ್ಜಿ) ಕೊಟ್ಟ ಗೇಣಿ ಒಕ್ಕಲಿಗೆ ಭೂನ್ಯಾಯ ಮಂಡಳಿ ಹಕ್ಕು ಕೊಡುವ ವ್ಯವಸ್ಥೆಯದು. ಮಂಡಳಿಯೆದುರು ವಕೀಲರು ವಾದಿಸುವಂತಿರಲಿಲ್ಲ, ಒಕ್ಕಲೇ ಮಾತಾಡಬೇಕಿತ್ತು. ನಿನ್ನ ಅಜ್ಜನ ಬಳಿ ಗೇಣಿ ಚೀಟಿ ಒಂದೂ ಇರಲಿಲ್ಲ. ನಾನಾದರೋ ಮುಂಬಯಿಯ ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿಯುತ್ತ ರಾತ್ರಿಶಾಲೆಗೆ ಹೋಗುತ್ತಿದ್ದೆ. ಯಾವ ಹುದ್ದೆಯೂ ಇಲ್ಲದ ಊರಿನ ಹುಡುಗನೊಬ್ಬ ಆ ಡಿಕ್ಲರೇಷನ್ನಿನ 7ನೇ ನಮೂನೆ ತುಂಬಿಸಿ, ಸರ್ವೆ ನಂಬರು ತಾಳೆ ನೋಡಿ, ನೆರೆಯವರ ಸಾಕ್ಷಿ ಹೊಂದಿಸಿ, ವಿಚಾರಣೆಯ ದಿನ ಬಸ್ಸಿನಲ್ಲಿ ಕುಳಿತು ಗದ್ದೆಯ ಚಕ್ಕುಬಂದಿಯನ್ನು (ನಾಲ್ಕು ಗಡಿಗಳನ್ನು) ಅಜ್ಜನ ಬಾಯಲ್ಲಿ ಹೇಳಿಸಿದ. ಬೆಂಗಳೂರಿನ ಕಾಯಿದೆ ನಮ್ಮ ಗದ್ದೆಗೆ ಇಳಿದದ್ದು ಆ ಹುಡುಗನಿಂದ. ನಾನು ರಾಜಕೀಯವೆನ್ನುವುದು ಅದನ್ನು.

ಅರಸರನ್ನು ದೇವರು ಮಾಡುವ ಅಗತ್ಯವಿಲ್ಲ. ಅವರ ಸರಕಾರದ ಮೇಲಿನ ಆರೋಪಗಳ ವಿಚಾರಣೆಗೆ ಕೇಂದ್ರ ಸರಕಾರ 1977ರಲ್ಲಿ ಗ್ರೋವರ್ ಆಯೋಗವನ್ನು ನೇಮಿಸಿತ್ತು. 1979ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದ ಮೇಲೆ, 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಅವರೇ ಬೆಳೆಸಿದ ಎಷ್ಟೋ ಶಾಸಕರು ಇಂದಿರಾ ಅವರ ಕಡೆಗೆ ದಾಟಿದರು (ದಾಟಿದವರಿಗೆ ಮಂತ್ರಿಗಿರಿಯೂ ಸಿಕ್ಕಿತೆನ್ನು), ಮುಖ್ಯಮಂತ್ರಿ ಪದವಿಯೂ ಹೋಯಿತು. ಅಷ್ಟು ದೊಡ್ಡ ನಾಯಕನ ಸುತ್ತಲಿನ ಗುಂಪೇ ಹೀಗೆ ಕರಗಿತೆಂದ ಮೇಲೆ, ನೀನು ನೆಚ್ಚಿಕೊಂಡಿರುವ ಶಾಸಕರ ಕಾರಿನ ಹಿಂದಿನ ಸೀಟು ಎಷ್ಟು ಕಾಲದ್ದೆಂದು ನೀನೇ ಯೋಚಿಸು.

ಊರಿಗೆ ಹೋದರೆ ಮೊದಲ ವರ್ಷ ಯಾರ ಬ್ಯಾನರಿನಲ್ಲೂ ನಿನ್ನ ಫೋಟೋ ಬೇಡ. ಆರ್‌ಟಿಸಿ (ಪಹಣಿ) ಓದಲು ಕಲಿ. 94ಸಿ ಅರ್ಜಿ (ಸರಕಾರಿ ಜಾಗದ ಮನೆಯ ಸಕ್ರಮಕ್ಕೆ), ಪೋಡಿ (ಜಮೀನಿನ ಹಿಸ್ಸೆ ಅಳತೆ), ವಿಧವಾ ವೇತನವೆಂದು ತಾಲೂಕು ಕಚೇರಿ ಮೆಟ್ಟಿಲು ಸವೆಸುವವರೊಂದಿಗೆ ನೀನೂ ಸಾಲಿನಲ್ಲಿ ನಿಲ್ಲು. ಫ್ಲಾಟಿನ ಸಾಲದ ಕಂತಿಗೆ ಏನು ವ್ಯವಸ್ಥೆ ಮಾಡಿದ್ದೀಯೆಂದು ಹೆಂಡತಿಯ ಎದುರಿನಲ್ಲೇ ನನಗೆ ತಿಳಿಸಬೇಕು. ಬರುವ ರವಿವಾರ ಇಬ್ಬರೂ ಊಟಕ್ಕೆ ಬನ್ನಿ. ನಿನ್ನ ತಂದೆಯನ್ನೂ ಕರೆದಿದ್ದೇನೆ.

ಇತಿ ನಿನ್ನ
ದೊಡ್ಡಪ್ಪ