ಕ್ಯಾಸೆಟ್ಟು ಉಳಿಸಿಕೊಟ್ಟವರಿಗೆ

ಅಪ್ಪ ಕೂಡಿಟ್ಟಿದ್ದ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟುಗಳೆಲ್ಲ ಅಂತೂ ಡಿವಿಡಿಗೆ ಬಂದವು. ಇದರಲ್ಲಿ ನನ್ನ ಕೆಲಸಕ್ಕಿಂತ ಬೇರೆಯವರ ಕೆಲಸವೇ ಜಾಸ್ತಿ. ಅದಕ್ಕೇ ಈ ನಾಲ್ಕು ಮಾತು.

ಮೊದಲ ನಮಸ್ಕಾರ ಲ್ಯಾಮಿಂಗ್ಟನ್ ರೋಡಿನ ರಿಪೇರಿ ಕಾಕಾನಿಗೆ. ಡೊಂಬಿವಲಿಯ ಮನೆ, ಅಟ್ಟದ ಮೇಲಿನ ಪೆಟ್ಟಿಗೆ, ಮೇಲಿಂದ ಮುಂಬಯಿ ಮಳೆಗಾಲ. ಕೇಳಬೇಕೇ? ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಮೊದಲು ತೋರಿಸಿದ ಅಂಗಡಿಯವರು ನೋಡಿದವರೇ ಎಸೆದುಬಿಡಿ ಅಂದರು. ಕಾಕಾ ಹಾಗನ್ನಲಿಲ್ಲ. ಹಾಗೇ ವಿಸಿಆರ್‌ಗೆ, ಅಂದರೆ ಕ್ಯಾಸೆಟ್ಟು ಓಡಿಸುವ ಮಿಷನ್ನಿಗೆ, ತುರುಕಬೇಡಿ, ಬೂಷ್ಟು ಅದರೊಳಗೆ ಟೇಪು ಓದುವ ಹೆಡ್ಡಿಗೆ ಹಿಡಿದು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ ಎಂದರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಐದು ಸ್ಕ್ರೂ ಬಿಚ್ಚಿದರು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯ ನಡುವೆ ಆ ಅರ್ಧ ಇಂಚಿನ ಪಟ್ಟಿಯನ್ನು ಎಳೆಯುತ್ತಾ, ಒಣಗಿಸುತ್ತಾ, ಬೇರೆ ಡಬ್ಬಿಗೆ ಸುತ್ತಿಕೊಟ್ಟರು. ಅವಸರ ಮಾಡಿದರೆ ಬೈಗುಳ!

ವಿಸಿಆರ್ ಕೊಟ್ಟವರು ಘಾಟ್ಕೋಪರಿನ ಗೆಳೆಯರು. ಕೊನೆಗೆ ಉಳಿದಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ವಿಸಿಆರ್ ಮಾಡುವುದನ್ನೇ ನಿಲ್ಲಿಸಿದ ಮೇಲೆ ಓಡುವ ಮಿಷನ್ ಯಾರ ಮನೆಯಲ್ಲಿದೆ ಹೇಳಿ? ಕೇಳಿದ ಕೂಡಲೇ ತಂದಿಟ್ಟು, ವಾಪಸ್ ಯಾವಾಗ ಅಂತ ಒಮ್ಮೆಯೂ ಕೇಳಲಿಲ್ಲ.

ಮಗಳಿಗೂ ಥ್ಯಾಂಕ್ಸ್. ಇದು ಪೆನ್‌ಡ್ರೈವಿನ ಕಾಪಿ ಅಲ್ಲ, ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು. ಚಿತ್ರ ಕುಣಿದಾಗೆಲ್ಲ ಟ್ರ್ಯಾಕಿಂಗ್ ಗುಂಡಿ ತಿರುಗಿಸುತ್ತಾ ಕೂತವಳು ಅವಳು.

ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಮಾಟುಂಗದಲ್ಲಿ ಆದ ಯಕ್ಷಗಾನದ ಟೇಪು. ಭಾಗವತರ ಪದ ಒಳ್ಳೆ ಏರಿದೆ, ಚಂಡೆ ಬಿಸಿಯಾಗಿದೆ. ಅದರ ನಡುವೆಯೇ ಕ್ಯಾಮೆರಾದ ಪಕ್ಕ ಕೂತ ನಮ್ಮತ್ತೆ ಬಂಗುಡೆಯ ರೇಟು ಹೇಳುತ್ತಿದ್ದಾರೆ! ಮೊನ್ನೆ ತೋರಿಸಿದರೆ ಅತ್ತೆಗೆ ನಾಚಿಕೆಯೂ ಇಲ್ಲ, ಏನೂ ಇಲ್ಲ. "ಆ ಮೀನು ತಾಜಾ ಇರ್ಲಿಲ್ಲ ಮಾರಾಯ" ಅಂದರು.

ವೇಷಧಾರಿಗಳನ್ನು ಗುರುತಿಸಿಕೊಟ್ಟ ಹಿರಿಯರಿಗೆ ಏನು ಹೇಳಲಿ? ಬಣ್ಣ ಹಚ್ಚಿದ ಮುಖ ನೋಡಿ ನಮಗೇನು ಗೊತ್ತಾಗುತ್ತದೆ? ಅವರು ಕುಣಿತದ ಹೆಜ್ಜೆ ನೋಡಿಯೇ ಹೆಸರು ಹೇಳಿದರು. ಹೆಚ್ಚಿನವರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರಂತೆ. ಈ ಹೆಸರುಗಳು ಸಿಕ್ಕಿದ್ದು ನನ್ನ ಲೆಕ್ಕದಲ್ಲಿ ಟೇಪು ಉಳಿದದ್ದಕ್ಕಿಂತ ದೊಡ್ಡದು. ಎಲ್ಲವನ್ನೂ ಡಿಸ್ಕಿನ ಕವರಿನ ಮೇಲೆ ಬರೆದಿದ್ದೇನೆ.

ಡಿಸ್ಕು ಬೇಕಾದವರು ಮನೆಗೆ ಬನ್ನಿ. ಒಂದರಲ್ಲಿ ಹಿಡಿಯುವುದು 4.7 ಜಿಬಿ ಮಾತ್ರ, ಹಾಗಾಗಿ ಯಕ್ಷಗಾನ ಎರಡು ಡಿಸ್ಕಾಗಿದೆ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲದವರಿಗೆ ಹಾರ್ಡ್‌ಡಿಸ್ಕಿನಿಂದ ಕಾಪಿ ಕೊಡುತ್ತೇನೆ. ಯಕ್ಷಗಾನದ ಎರಡನೆಯ ಡಿಸ್ಕಿನಲ್ಲಿ ಸ್ವಲ್ಪ ಹೊತ್ತು ಬರೀ ನೀಲಿ ಪರದೆ ಬರುತ್ತದೆ. ಅಲ್ಲಿ ಟೇಪೇ ಸುಕ್ಕಾಗಿತ್ತು, ಡಿಸ್ಕು ಹಾಳಾಗಿದೆ ಅಂತ ಫೋನ್ ಮಾಡಬೇಡಿ. ಮುಂದೆ ಓಡಿಸಿ, ಮಹಿಷಾಸುರ ಬರುವುದು ಅದಾದ ಮೇಲೆಯೇ.