ಹೋಂಸ್ಕೂಲಿಂಗ್ ಅಗ್ಗ ಅಲ್ಲ ಕಣೋ

ಮೈಸೂರು

ಪ್ರೀತಿಯ ಗೆಳೆಯಾ,

ನಿಮ್ಮ ಪುಟ್ಟಿಯನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿದರೆ ಎಷ್ಟು ಉಳಿಯುತ್ತದೆ ಅಂತ ನೀನು ಕಳಿಸಿದ ಲೆಕ್ಕದ ಹಾಳೆ ಸಿಕ್ಕಿತು. ಊಟ ಮುಗಿಸಿ ನಾನೂ ಇವಳೂ ಕೂತು ಒಂದೊಂದೇ ಸಾಲು ಓದಿದೆವು. ಫೀಸು 85,000. ವ್ಯಾನಿಗೆ ತಿಂಗಳಿಗೆ 2,200ರಂತೆ ಹತ್ತು ತಿಂಗಳಿಗೆ 22,000. ಪುಸ್ತಕ, ನೋಟ್‌ಬುಕ್ಕು 9,000. ಯೂನಿಫಾರ್ಮು, ಶೂ 6,000. ಸಂಜೆ ಟ್ಯೂಷನ್ 15,000. ಟೂರು, ಪ್ರಾಜೆಕ್ಟು, ಆನ್ಯುಯಲ್ ಡೇ ಡ್ರೆಸ್ಸು ಅಂತ ಇನ್ನೊಂದು 5,000. ಒಟ್ಟು 1,42,000. ಅದೂ ನಾಲ್ಕನೇ ಕ್ಲಾಸಿಗೆ. ಓದಿ ಹೊಟ್ಟೆ ಉರಿಯಿತು. ಪಕ್ಕದಲ್ಲಿ ನೀನು ‘ಹೋಂಸ್ಕೂಲಿಂಗ್ 30,000, ಉಳಿತಾಯ 1,12,000’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ. ‘ನೀವು ಮನೆಯಲ್ಲೇ ಓದಿಸ್ತಿದ್ದೀರಲ್ಲ, ಲೆಕ್ಕ ಸರಿ ಇದೆಯಾ ನೋಡು’ ಅಂತ ಕೇಳಿದ್ದೀಯ.

ಸರಿ ಇಲ್ಲ ಕಣೋ. 30,000 ಸರಿಯಾಗೇ ಇದೆ, ನಮಗೂ ಅಷ್ಟೇ ಆಗುತ್ತದೆ. ಆದರೆ ಆ ಹಾಳೆಯಲ್ಲಿ ಒಂದು ಸಾಲೇ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಪುಟ್ಟಿ ಜೊತೆ ಮನೆಯಲ್ಲಿ ಯಾರು ಇರುತ್ತಾರೆ?

ಅತ್ತಿಗೆ ಕೆಲಸ ಬಿಡುತ್ತಾರೆ ಅಂತ ನೀನೇ ಫೋನಿನಲ್ಲಿ ಹೇಳಿದ್ದೆ. ಹಾಳೆಯಲ್ಲಿ ಅದು ಬಂದಿಲ್ಲ. ಅವರ ಕೈಗೆ ಬರುವುದು ತಿಂಗಳಿಗೆ 24,000, ವರ್ಷಕ್ಕೆ 2,88,000. ಅವರ ಓಡಾಟ, ಊಟ, ತಿಂಡಿಗೆ ತಿಂಗಳಿಗೆ 3,000 ಕಳೆದರೂ 2,52,000 ಮನೆಗೆ ಬರುತ್ತಿದೆ. ಅದು ನಿಲ್ಲುತ್ತದೆ. ಜೊತೆಗೆ ಹೋಂಸ್ಕೂಲಿಂಗ್ ಖರ್ಚು 30,000. ಶಾಲೆ ಬಿಡಿಸಿದ್ದಕ್ಕೆ ಉಳಿಯುವುದು 1,42,000. ಕೂಡಿ ಕಳೆದು ನೋಡು, ವರ್ಷಕ್ಕೆ 1,40,000 ಕೈಯಿಂದಲೇ ಹೋಗುತ್ತದೆ. ಅವರ ಪಿಎಫ್ ನಿಲ್ಲುವುದನ್ನು ನಾನು ಇದರಲ್ಲಿ ಸೇರಿಸಿಲ್ಲ. ಐದಾರು ವರ್ಷ ಬಿಟ್ಟು ಮತ್ತೆ ಕೆಲಸ ಹುಡುಕಿದರೆ ಇದೇ ಸಂಬಳ ಸಿಗುತ್ತದೆ ಅಂತಲೂ ಹೇಳೋಕಾಗಲ್ಲ. ಹೆಂಗಸರ ಸಂಬಳವನ್ನು ಮಾತ್ರ ಇಂಥ ಲೆಕ್ಕದಲ್ಲಿ ಸಲೀಸಾಗಿ ಬಿಟ್ಟುಬಿಡುತ್ತೇವೆ. ಈ ವಿಷಯದಲ್ಲಿ ನನಗೆ ನಿಜವಾಗಲೂ ಬೇಜಾರಿದೆ, ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಲೆಕ್ಕವನ್ನೂ ಬಿಚ್ಚಿಡುತ್ತೇನೆ. ಮಗಳ ಸಂಗೀತದ ಕ್ಲಾಸಿಗೆ ತಿಂಗಳಿಗೆ 800, ವರ್ಷಕ್ಕೆ 9,600. ಬೇಸಿಗೆಯ ಈಜಿಗೆ 3,000. ಕಥೆಪುಸ್ತಕ, ಓದೋ ಪುಸ್ತಕಕ್ಕೆ 6,000. ಪ್ರಿಂಟು, ನೋಟ್‌ಬುಕ್ಕು, ಬಣ್ಣ, ಅಂಟು, ಕತ್ತರಿ ಇದಕ್ಕೆಲ್ಲ 4,000. ಸುತ್ತಾಟಕ್ಕೆ 5,000. ಹತ್ತಿರ ಹತ್ತಿರ 28,000 ಆಯಿತು. ಇಂಟರ್ನೆಟ್ಟು ಹೇಗಿದ್ದರೂ ಬೇಕಿತ್ತು, ಸೇರಿಸಿಲ್ಲ. ಇನ್ನು ನನ್ನ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು. ಇವಳಿಗೆ ಆಸ್ಪತ್ರೆಯಲ್ಲಿ ಶಿಫ್ಟು, ಹಾಗಾಗಿ ಹಗಲು ಮಗಳ ಜೊತೆ ಇರುವುದು ನಾನು. ಬೆಳಿಗ್ಗೆ ಹೊತ್ತಿನಲ್ಲಿ ಕೆಲಸ ಒಪ್ಪಿಕೊಳ್ಳುವುದಿಲ್ಲ. ಅರ್ಜೆಂಟು ಕೆಲಸ ಬೇರೆಯವರಿಗೆ ಹೋಗುತ್ತದೆ. ಕಡಿಮೆ ಅಂದರೂ ತಿಂಗಳಿಗೆ 10,000 ಹೋಗುತ್ತಿದೆ. ವರ್ಷಕ್ಕೆ 1,20,000, ಮೇಲೆ ಈ 28,000. ಒಟ್ಟು 1,48,000. ನೀನು ದುಬಾರಿ ಅಂತ ಬಿಡಬೇಕೆಂದಿರುವ ಆ ಶಾಲೆಗಿಂತ ನಮ್ಮ ಮನೆಶಾಲೆಯೇ ದುಬಾರಿ!

ನಾವು ಇದನ್ನು ಮೊದಲೇ ಕೂತು ಲೆಕ್ಕ ಹಾಕಿ, ಆಗಲಿ ಅಂತ ಒಪ್ಪಿಕೊಂಡೇ ಶುರು ಮಾಡಿದ್ದು. ಮಗಳಿಗೆ ಓದುವುದು ನಿಧಾನಕ್ಕೆ ಹತ್ತುತ್ತಿತ್ತು, ಅವಳ ವೇಗಕ್ಕೆ ಕಾಯುವವರು ಬೇಕಿತ್ತು. ಈಗ ಅವಳು ಬಿಡದೆ ಓದುತ್ತಾಳೆ. ಭಿನ್ನರಾಶಿ ಅರ್ಥ ಆಗೋವರೆಗೆ ದೋಸೆ, ಚಪಾತಿ ಎಲ್ಲ ಕತ್ತರಿಸಿ ನೋಡಿದೆವು. ಅವಳ ಜೊತೆ ಕಳೆದ ಈ ವರ್ಷಗಳು ನನಗೆ ತುಂಬಾ ದೊಡ್ಡವು. ಆದರೆ ದುಡ್ಡು ಉಳಿಸೋಕೆ ಅಂತ ಯಾರಾದರೂ ಈ ದಾರಿ ಹಿಡಿಯುತ್ತೇನೆ ಅಂದರೆ ಬೇಡ ಅನ್ನುತ್ತೇನೆ. ಅಪ್ಪನೋ ಅಮ್ಮನೋ ಆಗಲೇ ಮನೆಯಲ್ಲಿದ್ದು, ಅವರಿಗೆ ಕಲಿಸೋ ಮನಸ್ಸೂ ಇದ್ದರೆ ಮಾತು ಬೇರೆ. ಆಗ ಮಾತ್ರ ನಿನ್ನ 30,000ದ ಲೆಕ್ಕ ನಿಲ್ಲುತ್ತದೆ.

ಪುಸ್ತಕದ ಖರ್ಚಿಗೆ ಹೆದರಬೇಕಾಗೇ ಇಲ್ಲ, ಅದು ನಿಜ. ರಾಜ್ಯದ ಪಠ್ಯಪುಸ್ತಕಗಳೂ ಎನ್‌ಸಿಇಆರ್‌ಟಿ ಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಕಥೆಗಳು ರಾಶಿ ಇವೆ, ಅವೂ ಪುಕ್ಕಟೆ. ನಿಮ್ಮ ಬೆಂಗಳೂರಿನಲ್ಲಂತೂ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿವೆ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೆ, ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ಶಕ್ತಿ ಯೋಜನೆ ಬಂದಮೇಲೆ ಅಮ್ಮ ಮಗಳು ಇಬ್ಬರಿಗೂ ಸಾಮಾನ್ಯ ಬಿಎಂಟಿಸಿ ಬಸ್ಸು ಫ್ರೀ. ಇಷ್ಟನ್ನೂ ಶಾಲೆಗೆ ಹೋಗುವ ಮಗು ಭಾನುವಾರ ಮಾಡಬಹುದು, ಅಲ್ವಾ? ಇದಕ್ಕಾಗಿ ಶಾಲೆ ಬಿಡಿಸಬೇಕಿಲ್ಲ.

ಈಗ ಕಾಗದಪತ್ರದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದು, ದೊಡ್ಡ ಮೊತ್ತ ಅಡಗಿರುವುದು ಇಲ್ಲೇ.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಇಂಥ ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಹೇಳಿಲ್ಲ. ಹೋಂಸ್ಕೂಲಿಂಗ್ ಮಾಡುವವರೆಲ್ಲ ಈ ಸಂದಿಯಲ್ಲಿ ನಿಂತಿದ್ದೇವೆ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಯವರು ಬಾಗಿಲಿಗೆ ಬಂದರೆ ಉತ್ತರ ಕೊಡುವವರು ನಾವೇ. ಮಗುವಿನ ನೋಟ್‌ಬುಕ್ಕು, ಅವಳು ಓದಿದ್ದರ ದಾಖಲೆ ಎಲ್ಲ ತೆಗೆದಿಟ್ಟಿರಬೇಕು. ಮನಸ್ಸು ಬದಲಾಗಿ ಮತ್ತೆ ಶಾಲೆಗೆ ಕಳಿಸುತ್ತೇವೆ ಅಂದರೆ ದಾರಿ ಇದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದೇ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿದೆ.

ಹತ್ತನೇ ತರಗತಿಗೆ ಬಂದಾಗ ಎನ್‌ಐಒಎಸ್ ಇದೆ, ಕೇಂದ್ರದ ಮುಕ್ತ ಶಾಲಾ ಸಂಸ್ಥೆ. 14 ತುಂಬಿದ ಮಗು ಅಲ್ಲಿ ಸೆಕೆಂಡರಿಗೆ, ಅಂದರೆ ಹತ್ತನೇ ತರಗತಿಗೆ, ಸೇರಬಹುದು. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷದ ಅವಧಿ, ವಿಷಯಗಳನ್ನು ಒಂದೊಂದಾಗಿ ಮುಗಿಸಿಕೊಂಡು ಹೋಗಬಹುದು. ಫೀಸು ಸಾವಿರಗಳಲ್ಲಿ ಮುಗಿಯುತ್ತದೆ. ಇಲ್ಲವೇ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಬಹುದು. ಇಷ್ಟು ನಿನಗೂ ಗೊತ್ತಿರುತ್ತದೆ, ಹೋಂಸ್ಕೂಲಿಂಗ್ ಬಗ್ಗೆ ಮಾತಾಡುವವರೆಲ್ಲ ಇಷ್ಟನ್ನು ಹೇಳುತ್ತಾರೆ.

ಅವರು ಹೇಳದೇ ಇರುವುದು ಸರ್ಕಾರಿ ಸೀಟಿನ ಮಾತು. ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸರ್ಕಾರಿ ಸೀಟು ಬೇಕಾದರೆ ಹೆಚ್ಚಿನವರು ಹೋಗುವ ದಾರಿ, ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದೇನೆ ಅಂತ ತೋರಿಸುವುದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ. ಈ ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಶಾಲೆ ಬರೆದುಕೊಟ್ಟದ್ದಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಸಹಿ ಹಾಕಬೇಕು. ಮನೆಯಲ್ಲಿ ಓದಿದ ಮಗುವಿಗೆ ಆ ಪತ್ರ ಬರೆದುಕೊಡುವವರು ಯಾರು? ನಮ್ಮ ಮಗಳು ಕನ್ನಡದಲ್ಲೇ ಓದುತ್ತಿದ್ದಾಳೆ. ಆದರೂ ಕನ್ನಡ ಮಾಧ್ಯಮದ ಮೀಸಲಾತಿ ಅವಳಿಗೆ ಇಲ್ಲ. ಬೇರೆ ಕಲಮಿನಲ್ಲಿ ಸೀಟಿಗೆ ಅರ್ಹತೆ ಸಿಗಬಹುದು, ಅಪ್ಪ ಅಮ್ಮ ಇಲ್ಲಿ ಓದಿದ್ದರೆ ಅದಕ್ಕೂ ಒಂದು ದಾರಿ ಇದೆ. ಆದರೆ ಅದಕ್ಕೆ ಓಡಾಡಬೇಕು, ನಿಮ್ಮಿಬ್ಬರ ಹಳೇ ಶಾಲೆಗಳಿಗೆ ಹೋಗಿ ಪತ್ರ ತರಬೇಕು. ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಫೀಸಿನ ಅಂತರ ಲಕ್ಷಗಳಲ್ಲಿ ಇರುತ್ತದೆ. ಪುಟ್ಟಿ ಮುಂದೆ ಏನು ಓದುತ್ತಾಳೋ ಈಗ ಯಾರಿಗೂ ಗೊತ್ತಿಲ್ಲ. ಆದರೆ ಆ ಬಾಗಿಲು ಈಗಲೇ ಅರ್ಧ ಮುಚ್ಚಿದರೆ ಅದೂ ಖರ್ಚೇ. ನಮ್ಮ ಮಗಳಿಗೆ ಸಂಗೀತ, ಬೊಟಾನಿ ಅಂತ ಒಲವು ಇದೆ ಅಂತ ನಾವು ಧೈರ್ಯ ಮಾಡಿದೆವು. ಎಲ್ಲರೂ ಮಾಡಬೇಕಾದ ಧೈರ್ಯ ಅಲ್ಲ ಅದು.

ನಿನ್ನ ಇನ್ನೊಂದು ಯೋಚನೆಯೂ ಇತ್ತಲ್ಲ, ನಿಮ್ಮ ಅಪಾರ್ಟ್‌ಮೆಂಟಿನ ನಾಲ್ಕೈದು ಮನೆಯವರು ಸೇರಿ ಒಬ್ಬ ಟೀಚರ್ ಇಟ್ಟುಕೊಳ್ಳುವುದು. ಅದನ್ನು ಮಾಡಬೇಡ. ಸಂಜೆ ಟ್ಯೂಷನ್ನು ಬೇರೆ. ಮಕ್ಕಳನ್ನು ದಿನವಿಡೀ ಒಂದೆಡೆ ಕೂರಿಸಿ, ಸಂಬಳ ಕೊಟ್ಟು ಟೀಚರ್ ಇಟ್ಟರೆ ಅದನ್ನು ಮಾನ್ಯತೆ ಇಲ್ಲದ ಶಾಲೆ ಅಂತ ಕರೆಯಬಹುದು. ಅಂಥ ಶಾಲೆಗೆ ಒಂದು ಲಕ್ಷದವರೆಗೆ ದಂಡ ಅಂತ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿದೆ.

ಇಷ್ಟು ಬರೆದು, ಹಾಗಾದರೆ 1,42,000 ಕಟ್ಟು ಅಂತ ನಾನು ಹೇಳುತ್ತಿಲ್ಲ. ನಿನ್ನ ಹಾಳೆಯಲ್ಲಿ ಎರಡೇ ಕಾಲಂ ಇವೆ. ಮೂರನೆಯದು ಹಾಕು. ಸರ್ಕಾರಿ ಶಾಲೆ.

ಸುಮ್ನೆ ಹೇಳುತ್ತಿಲ್ಲ. ನೀನೂ ನಾನೂ ಅಲ್ಲೇ ಓದಿದವರು. ಈಗ ಅಲ್ಲಿ ಫೀಸಿಲ್ಲ, ಪಠ್ಯಪುಸ್ತಕ, ಯೂನಿಫಾರ್ಮು, ಶೂ ಸಾಕ್ಸು ಕೊಡುತ್ತಾರೆ, ಮಧ್ಯಾಹ್ನ ಬಿಸಿಯೂಟ, 2013ರಿಂದ ಹಾಲೂ ಇದೆ, ಮೊಟ್ಟೆಯೂ ಕೊಡುತ್ತಾರೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು. ಕರ್ನಾಟಕ ಪಬ್ಲಿಕ್ ಸ್ಕೂಲ್ ಹತ್ತಿರ ಇದ್ದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ, ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇರುತ್ತದೆ. ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿ ಮೂರನೇ ತರಗತಿಗೇ ಮುಗಿಯುತ್ತದೆ, ಹಾಗಾಗಿ ನಾಲ್ಕಕ್ಕೆ ಹೋಗುವ ಪುಟ್ಟಿಗೆ ಪದ್ಧತಿ ತೀರಾ ಹೊಸದು ಅನ್ನಿಸುವುದಿಲ್ಲ. ವ್ಯಾಸಂಗ ಪತ್ರದ ತೊಂದರೆ ಇಲ್ಲ. ಅತ್ತಿಗೆ ಕೆಲಸ ಬಿಡಬೇಕಿಲ್ಲ.

ಈಗ ನೀನು ಹೋಂಸ್ಕೂಲಿಂಗ್‌ಗೆ ಅಂತ ಇಟ್ಟಿರುವ ಆ 30,000ವನ್ನು ಪೂರ್ತಿ ಅವಳ ಮೇಲೆ ಹಾಕು. ಅವಳಿಗೆ ಚಿತ್ರ ಬರೆಯುವುದು ಇಷ್ಟ, ಒಳ್ಳೇ ಕ್ಲಾಸಿಗೆ ಸೇರಿಸು. ಇಂಗ್ಲಿಷ್ ಬಗ್ಗೆ ನಿನಗೆ ಭಯ ಇದೆ ಅಂತ ಗೊತ್ತು. ದಿನಾ ಸಂಜೆ ಅರ್ಧ ಗಂಟೆ ನೀನೇ ಅವಳ ಜೊತೆ ಒಂದು ಇಂಗ್ಲಿಷ್ ಕಥೆಪುಸ್ತಕ ಗಟ್ಟಿಯಾಗಿ ಓದು. ನಾವು ಮನೆಯಲ್ಲಿ ಮಾಡುವುದು ಬಹುಪಾಲು ಇದೇ. ಸಂಜೆ ನಿನ್ನ ಹೊತ್ತಿನಲ್ಲೂ ಅದು ಆಗುತ್ತದೆ. ಶಾಲೆ ಬಿಟ್ಟಮೇಲೆ ಸಂಜೆವರೆಗೆ ಅವಳನ್ನು ನೋಡಿಕೊಳ್ಳುವವರು ಬೇಕು ಅಂದರೆ ತಿಂಗಳಿಗೆ 3,000 ಇಟ್ಟುಕೋ, ಹತ್ತು ತಿಂಗಳಿಗೆ ಇನ್ನೊಂದು 30,000. ಎರಡೂ ಸೇರಿ 60,000. ಈಗಿನ 1,42,000ಕ್ಕಿಂತ 82,000 ಕಡಿಮೆ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಶಾಲೆಯ ಬೋಧನಾ ಫೀಸಿಗೆ ಸಿಗುತ್ತಿದ್ದ ತೆರಿಗೆ ವಿನಾಯಿತಿ ಹೋಗುತ್ತದೆ, ಅಷ್ಟನ್ನು ಕಳೆದುಕೋ. ಆಮೇಲೂ ಉಳಿಯುವುದೇ ಜಾಸ್ತಿ.

ಎಲ್ಲ ಸರ್ಕಾರಿ ಶಾಲೆಯೂ ಒಂದೇ ಥರ ಇಲ್ಲ, ಅದು ನನಗೂ ಗೊತ್ತು. ನೋಡದೆ ಸೇರಿಸಬೇಡ. ಶಾಲೆ ನಡೆಯುವ ದಿನ, ಹತ್ತು ಗಂಟೆ ಹೊತ್ತಿಗೆ ಹೋಗು. ನಾಲ್ಕನೇ ತರಗತಿಗೆ ಟೀಚರ್ ಬೇರೆ ಇದ್ದಾರಾ, ಎರಡು ತರಗತಿ ಒಟ್ಟಿಗೆ ಕೂರಿಸುತ್ತಾರಾ ಕೇಳು. ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಅಂತ ಹೆಡ್‌ಮಾಸ್ಟರನ್ನು ಕೇಳು, ಹೇಳುತ್ತಾರೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತಾ ಅಂತ ಅತ್ತಿಗೆ ನೋಡಲಿ. ಶಾಲೆಯ ಎಸ್‌ಡಿಎಂಸಿ ಸಮಿತಿಯಲ್ಲಿ ಪೋಷಕರೂ ಇರುತ್ತಾರೆ, ಅದರಲ್ಲಿರುವ ಒಬ್ಬರು ತಾಯಿಯ ಹತ್ತಿರ ಹತ್ತು ನಿಮಿಷ ಮಾತಾಡಿ. ಒಂದೇ ನೋಡಬೇಡಿ, ಸುತ್ತಮುತ್ತ ಎರಡು ಮೂರು ನೋಡಿ. ಒಂದೂ ಹಿಡಿಸದಿದ್ದರೆ ಅನುದಾನಿತ ಶಾಲೆಗಳನ್ನು ನೋಡಿ, ಅಲ್ಲಿ ಫೀಸು ತುಂಬಾ ಕಡಿಮೆ.

ಈಗಿನ ಶಾಲೆಯವರು ಟಿಸಿ ಕೊಡೋಕೆ ಎಳೆದಾಡಬಹುದು. ತಲೆ ಕೆಡಿಸಿಕೊಳ್ಳಬೇಡ. ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಕಾಯ್ದೆಯ 5ನೇ ಸೆಕ್ಷನ್ನಿನಲ್ಲೇ ಇದೆ. ಅರ್ಜಿಯನ್ನು ಮಾತ್ರ ಬರೆದು ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೋ.

ಈ ಕಾಗದ ಅತ್ತಿಗೆಗೂ ಓದಲು ಕೊಡು. ಕೆಲಸ ಬಿಡುವ ಮಾತು ಅವರಾಗೇ ಆಡಿದರೋ, ಬೇರೆ ದಾರಿ ಕಾಣದೆ ಒಪ್ಪಿಕೊಂಡರೋ ಅಂತ ಅವರನ್ನೇ ಕೇಳು. ನಿಜವಾಗಲೂ ಪುಟ್ಟಿಗೆ ಮನೆಯಲ್ಲಿ ಕಲಿಸಬೇಕು ಅನ್ನುವ ಆಸೆ ಅವರಿಗಿದ್ದರೆ, ವರ್ಷಕ್ಕೆ 1,40,000 ಹೋದರೂ ಪರವಾಗಿಲ್ಲ ಅಂತ ಇಬ್ಬರಿಗೂ ಅನ್ನಿಸಿದರೆ, ರಜೆಯಲ್ಲಿ ಮೂವರೂ ಇಲ್ಲಿಗೆ ಬನ್ನಿ. ಒಂದು ವಾರ ನಮ್ಮ ಜೊತೆ ಇದ್ದು, ದಿನ ಹೇಗೆ ನಡೆಯುತ್ತದೆ ಅಂತ ಅತ್ತಿಗೆ ನೋಡಲಿ. ಆಮೇಲೆ ನಾನೇ ಕೂತು ನಿಮ್ಮ ಮೊದಲ ತಿಂಗಳ ಪಾಠ ಬರೆದುಕೊಡುತ್ತೇನೆ. ಶಾಲೆ ನೋಡಲು ಹೋದರೆ ಮಾತ್ರ ಈ ತಿಂಗಳೇ ಹೋಗು, ದಾಖಲಾತಿ ಶುರುವಾದಮೇಲೆ ಹೆಡ್‌ಮಾಸ್ಟರಿಗೆ ಮಾತಾಡಲು ಪುರುಸೊತ್ತು ಸಿಗುವುದಿಲ್ಲ.

ಇಂತಿ ನಿನ್ನ ಗೆಳೆಯ