ಚಟ್ನಿ ಕವರ್ ಬಂದ್, ಡಬ್ಬಿ ತರ್ರಿ

ನಮ್ಮ ಗಿರಾಕಿಗಳಿಗೆಲ್ಲ ನಮಸ್ಕಾರ ರೀ,

ಬರೋ ಒಂದನೇ ತಾರೀಕಿಂದ ನಮ್ಮ ಹೋಟ್ಲಲ್ಲಿ ಪಾರ್ಸಲ್ ಚಟ್ನಿನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಕೊಡಲ್ಲ. ಬೆಣ್ಣೆದೋಸೆ, ಪಲ್ಯ ಬಾಳೆಎಲೆಯಲ್ಲಿ ಇಟ್ಟು ಪೇಪರ್ ಸುತ್ತಿ ಕೊಡ್ತೀವಿ, ಚಟ್ನಿಗೆ ಮಾತ್ರ ನೀವೇ ಡಬ್ಬಿ ತರ್ಬೇಕು. ಮರೆತು ಬಂದ್ರೆ ನಮ್ ಹತ್ರ ಸ್ಟೀಲ್ ಡಬ್ಬಿ ಅದಾವೆ, 50 ರೂಪಾಯಿ ಇಟ್ಟು ಒಯ್ರಿ, ಡಬ್ಬಿ ವಾಪಸ್ ಬಂದ್ರೆ 50ನೂ ವಾಪಸ್.

ಯಾಕಪ್ಪ ಇದು ಅಂದ್ರೆ, ಮಳೆಗಾಲ ಶುರುವಾದಾಗ ಮಂಗಳೂರಿಗೆ ಒಂದು ಮದುವೆಗೆ ಹೋಗಿದ್ವಿ, ಹುಡುಗ್ರು ಹಠ ಮಾಡಿದ್ವು ಅಂತ ಬೀಚಿಗೆ ಕರ್ಕೊಂಡೋದ್ರೆ ಮರಳು ಕಾಣದಂಗೆ ಕವರು, ಬಾಟ್ಲಿ ಮುಚ್ಚಳ, ಗುಟ್ಕಾ ಚೀಟಿ, ಮೀನಿನ ಬಲೆ ತುಂಡು, ಹರಿದ ಚಪ್ಲಿ. ಬಂದ ಜನಕ್ಕೆ ಬುದ್ಧಿ ಇಲ್ಲ ಅಂತ ನಾನು ಬೈತಿದ್ರೆ ಚರುಮುರಿ ಮಾರೋರು ನಕ್ಕರು, "ಇದೆಲ್ಲ ಇಲ್ಲಿ ಬಿಸಾಡಿದ್ದಲ್ಲ ಮಾರಾಯ್ರೆ, ಮಳೆ ಬಂದ್ರೆ ಊರಿನ ತೋಡಿಂದ ಬರ್ತದೆ" ಅಂದ್ರು. ಹೌದಲ್ವಾ, ರೋಡಲ್ಲಿ ಬಿದ್ದಿದ್ದು ಚರಂಡಿಗೆ, ಚರಂಡಿದು ನೇತ್ರಾವತಿಗೋ ಫಲ್ಗುಣಿಗೋ, ಅಲ್ಲಿಂದ ಸಮುದ್ರಕ್ಕೆ, ಸಮುದ್ರ ಅದನ್ನ ತಿರುಗಿ ದಂಡೆಗೆ ತಂದು ಹಾಕುತ್ತೆ. ಮುಂಬೈ ವರ್ಸೋವಾ ಬೀಚಲ್ಲಿ 2015ರಿಂದ ಜನ ವಾರ ವಾರ ಸೇರಿ ಟನ್‌ಗಟ್ಟಲೆ ಕಸ ಎತ್ತಿದ್ರು, ಆದ್ರೂ ಮಳೆಗಾಲ ಬಂತಂದ್ರೆ ಮತ್ತೆ ಅದೇ ಕಥೆ. ದಂಡೆ ಗುಡಿಸಿ ಮುಗಿಯೋ ಕೆಲ್ಸ ಅಲ್ಲ ಅದು, ಚರಂಡಿಗೆ ಬೀಳೋ ಮುಂಚೆನೇ ತಡೀಬೇಕು.

ದಾವಣಗೆರೆಗೆ ಸಮುದ್ರ ಎಲ್ಲಿಂದ ಬಂತು ಅಂತೀರಾ? ಹರಿಹರದಲ್ಲಿ ತುಂಗಭದ್ರೆ ಐತಲ್ರೀ, ಅದು ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೇ ಹೋಗೋದು. ಸುಳ್ಳ್ಯಾಕೆ, ನಮ್ ಚಟ್ನಿ ಕವರ್ ಅಷ್ಟು ದೂರ ಹೋಗುತ್ತೆ ಅಂತ ನಾನು ಆಣೆ ಮಾಡಲ್ಲ, ನಡುವೆ ಹೊಸಪೇಟೆ ಡ್ಯಾಮು, ಶ್ರೀಶೈಲ, ನಾಗಾರ್ಜುನ ಸಾಗರ ಎಲ್ಲಾ ಐತೆ, ಎಲ್ಲೋ ಸಿಗಾಕ್ಕೊಳ್ಳುತ್ತೆ, ಆದ್ರೆ ಕೊಳೆಯಲ್ಲ. ಅಷ್ಟು ದೂರ ಯಾಕೆ, ಹೋದ ಮಳೆಗೆ ನಮ್ ಹೋಟ್ಲು ಮುಂದಿನ ಚರಂಡಿ ಕಟ್ಕೊಂಡಾಗ ಕೋಲು ಹಾಕಿ ಎಳೆದ್ರೆ ಬಂದಿದ್ದು ನಮ್ಮವೇ ಕವರು, ಕಟ್ಟಿದ್ ದಾರನೂ ಬಿಚ್ಚಿರಲಿಲ್ಲ. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕವರ್ ಬ್ಯಾನ್ ಆಗಿತ್ತು, ನಾವೂ ಕದ್ದುಮುಚ್ಚಿ ಕೊಡ್ತಾನೇ ಇದ್ವಿ, ತಪ್ಪು ನಮ್ದೇ.

ಇನ್ನೊಂದು, ಟೀ ಇನ್ಮೇಲೆ ಗಾಜಿನ ಲೋಟದಲ್ಲಿ ಮಾತ್ರ, ಪೇಪರ್ ಕಪ್ ಒಳಗೂ ಪ್ಲಾಸ್ಟಿಕ್ ಪದರ ಇರುತ್ತೆ ರೀ. ಸಿಗರೇಟ್ ಸೇದೋರು ತುಂಡನ್ನ ಹೊರಗಿಟ್ಟಿರೋ ಮರಳಿನ ಡಬ್ಬಕ್ಕೇ ಹಾಕ್ರಿ, ಬೀಡಿ ಆದ್ರೆ ಎಲೆ, ಕೊಳೆಯುತ್ತೆ, ಸಿಗರೇಟ್ ಫಿಲ್ಟರ್ ಹತ್ತಿ ಥರ ಕಂಡ್ರೂ ಅದೂ ಪ್ಲಾಸ್ಟಿಕ್ಕೇ.

ಹಾಸ್ಟೆಲ್ ಹುಡುಗ್ರು ಒಂದು ಡಬ್ಬಿನೂ ವಾಪಸ್ ತರಲ್ಲ ಅಂತ ನಮ್ ಮನೆಯೋರು ಬೆಟ್ ಕಟ್ಟಿದಾರೆ, ನಾನು ತರ್ತಾರೆ ಅಂದಿದೀನಿ. ತರೋವಾಗ ಮುಚ್ಚಳನೂ ತರ್ರಪ್ಪ.

ಇಂತಿ ನಿಮ್ಮ,
ಹೋಟ್ಲೋರು, ದಾವಣಗೆರೆ